ಪೋಡಿನ ಕಾಡಿಗೆ ‘ನಮೂನೆ ಸಿ’ ಅರ್ಜಿ ಹಾಕುವುದು ಹೇಗೆ

ಹುಲಿ ಸಂರಕ್ಷಿತ ಪ್ರದೇಶದಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಬಿಳಿಗಿರಿರಂಗನ ಬೆಟ್ಟದ ಉದಾಹರಣೆ ಕೊಡಿ. ಅದೂ ಹುಲಿ ಸಂರಕ್ಷಿತ ಪ್ರದೇಶವೇ. ಅಲ್ಲಿ ಸೋಲಿಗ ಆದಿವಾಸಿಗಳ 25 ಪೋಡುಗಳಿಗೆ (ಪೋಡು ಎಂದರೆ ಸೋಲಿಗರ ಹಾಡಿ) 2011ರಲ್ಲೇ ಸಮುದಾಯ ಹಕ್ಕುಪತ್ರ ಸಿಕ್ಕಿದೆ.

ಮೊದಲು ನಮೂನೆ ಸರಿಯಾಗಿ ಆರಿಸಿ. ‘ಎ’ ಉಳುಮೆ ಮತ್ತು ವಾಸದ ಜಮೀನಿಗೆ. 13-12-2005ಕ್ಕೆ ಮುಂಚಿನಿಂದ ಅನುಭವದಲ್ಲಿರಬೇಕು, 4 ಹೆಕ್ಟೇರ್ ಮೀರಬಾರದು. ‘ಬಿ’ ಜೇನು, ನೆಲ್ಲಿಕಾಯಿ, ಮೇವು, ಮೀನಿನಂಥ ಬಳಕೆಗೆ. ‘ಸಿ’ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕಿಗೆ. ಬರೀ ‘ಬಿ’ ಹಾಕಿ ಸುಮ್ಮನಾದರೆ ಜೇನು ನಿಮ್ಮದಾದೀತು, ಲಂಟಾನ ಕಳೆ ಎಲ್ಲಿ ಕೀಳಬೇಕೆಂಬ ತೀರ್ಮಾನ ನಿಮ್ಮದಾಗದು.

ಗ್ರಾಮಸಭೆಯನ್ನು ಪೋಡಿನಲ್ಲೇ ಕರೆಯಿರಿ, ಪಂಚಾಯಿತಿ ಮಟ್ಟದಲ್ಲಲ್ಲ. ಸದಸ್ಯರಲ್ಲಿ ಅರ್ಧದಷ್ಟಾದರೂ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಕೋರಂ ಇಲ್ಲದ ಠರಾವಿಗಿಂತ ಸುಲಭದ ನೆಪ ಅಧಿಕಾರಿಗಳಿಗೆ ಬೇರೆ ಬೇಕಿಲ್ಲ. ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ. ಕನಿಷ್ಠ ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು, ಕನಿಷ್ಠ ಮೂರನೇ ಒಂದು ಭಾಗ ಹೆಂಗಸರು.

ಹೆಚ್ಚು ಸಮಯ ಕೊಡಬೇಕಾದ್ದು ನಕ್ಷೆಗೆ. ಹಿರಿಯರ ಜೊತೆ ಎಲ್ಲೆ ಸುತ್ತಿ. ಪ್ರತಿ ಕುಲದ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು ಎಲ್ಲೆಲ್ಲಿವೆ ಎಂದು ಗುರುತಿಸಿ. ಒಂದು ರಿಜಿಸ್ಟರಿನಲ್ಲಿ ಆರು ಕಾಲಂ ಹಾಕಿಕೊಳ್ಳಿ: ಜಾಗದ ಹೆಸರು, ಕುಲ, ಬಳಕೆ, ಯಾವ ತಿಂಗಳಲ್ಲಿ ಹೋಗುತ್ತಾರೆ, ಹೇಳಿದವರು, ಜಿಪಿಎಸ್ ಅಂಕಿ. ದಟ್ಟ ಮರದಡಿ ಮೊಬೈಲು ಹತ್ತಾರು ಮೀಟರ್ ತಪ್ಪು ತೋರಿಸುತ್ತದೆ. ಬಯಲು ಸಿಕ್ಕ ಕಡೆ ಎರಡು ನಿಮಿಷ ನಿಂತು ಅಂಕಿ ಬರೆದುಕೊಳ್ಳಿ. ಹಿಂದೆ ಒಕ್ಕಲೆಬ್ಬಿಸಿದ ಹಳೇ ಪೋಡಿನ ಜಾಗ, ಸಮಾಧಿ, ಒಲೆಗಲ್ಲು ಬಿಟ್ಟುಹೋಗುವುದೇ ಹೆಚ್ಚು. ಈಗ ಮನೆಗಳಿರುವ ಜಾಗದ ಸುತ್ತ ಮಾತ್ರ ಗೆರೆ ಎಳೆದರೆ ಅರ್ಧ ಕಾಡು ನಿಮ್ಮ ಕೈಯಿಂದಲೇ ಹೋದಂತೆ. ಹೆಜ್ಜೇನಿನ ಮರಗಳನ್ನು ಪಕ್ಕದ ಪೋಡಿನವರೂ ಬಳಸುತ್ತಿದ್ದರೆ ನಮೂನೆಯ ‘ಗಡಿ ಗ್ರಾಮಗಳು’ ಕಾಲಂನಲ್ಲಿ ಅದನ್ನು ಬರೆದು, ಅವರ ಸಹಿಯನ್ನೂ ಈಗಲೇ ಪಡೆಯಿರಿ.

ಕಾಗದ ಇಲ್ಲವೆಂದು ಕೈಚೆಲ್ಲಬೇಡಿ. ಮದರಾಸಿನ 1882ರ ಅರಣ್ಯ ಕಾಯ್ದೆ, ಮೈಸೂರಿನ 1900ರ ಅರಣ್ಯ ರೆಗ್ಯುಲೇಷನ್ ಕಾಡನ್ನು ಸರ್ಕಾರದ ಸ್ವತ್ತಾಗಿ ಬರೆದುಕೊಂಡವು. ಅಲ್ಲೇ ಬದುಕುತ್ತಿದ್ದವರ ಹೆಸರಿಗೆ ಕಾಗದವಾದರೂ ಎಲ್ಲಿಂದ ಬರಬೇಕು? ಅದಕ್ಕೇ ಅರಣ್ಯ ಹಕ್ಕು ಕಾಯ್ದೆಯಡಿಯ ನಿಯಮ 13 ಪವಿತ್ರ ಮರ, ಸಮಾಧಿ, ನೀರಿನ ಸೆಲೆ, ಗೆಣಸು ಅಗೆಯುವ ಜಾಗಗಳನ್ನೂ ಸಾಕ್ಷ್ಯ ಎನ್ನುತ್ತದೆ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಲಗತ್ತಿಸಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ನಡೆಯುತ್ತದೆ. ಇಲ್ಲಿ ಅರ್ಜಿ ಇಡೀ ಪೋಡಿನದು, ಆದ್ದರಿಂದ ಪಕ್ಕದ ಪೋಡಿನ ಹಿರಿಯರಿಂದ ಬರೆಸಿಕೊಳ್ಳಿ. ಹಳೇ ಗೆಜೆಟಿಯರ್, ಅರಣ್ಯ ಇಲಾಖೆಯ ವರ್ಕಿಂಗ್ ಪ್ಲಾನ್‌ಗಳಲ್ಲೂ (ಕಾಡಿನ ನಿರ್ವಹಣಾ ಯೋಜನೆಗಳು) ಪೋಡಿನ ಹೆಸರು ಹುಡುಕಿ. ಕಾಡನ್ನು ಕಿತ್ತುಕೊಂಡವರ ಬರಹವೇ ಒಮ್ಮೊಮ್ಮೆ ನಿಮ್ಮ ಪರ ನಿಲ್ಲುತ್ತದೆ.

ಸ್ಥಳ ಪರಿಶೀಲನೆಯ ದಿನಾಂಕವನ್ನು ಅರಣ್ಯ ಇಲಾಖೆಗೆ ಮುಂಚೆಯೇ ಬರಹದಲ್ಲಿ ತಿಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಬಂದ ಅಧಿಕಾರಿ ಹೆಸರು, ಹುದ್ದೆ, ದಿನಾಂಕ ಸಮೇತ ಸಹಿ ಹಾಕಬೇಕು.

ಠರಾವಿನೊಂದಿಗೆ ಕಡತ ಉಪವಿಭಾಗ ಮಟ್ಟದ ಸಮಿತಿಗೆ ಹೋಗುತ್ತದೆ. ಕಡತದಲ್ಲಿ ಕೊರತೆ ಕಂಡರೆ ಸಮಿತಿ ಅದನ್ನು ಗ್ರಾಮಸಭೆಗೇ ಮರಳಿಸಬೇಕು. ಉಪಗ್ರಹ ಚಿತ್ರ ಉಳಿದ ಸಾಕ್ಷ್ಯಕ್ಕೆ ಪೂರಕವೇ ಹೊರತು ಬದಲಿಯಲ್ಲ. ‘ಆಗಲ್ಲ ಹೋಗಿ’ ಎಂಬ ಬಾಯಿಮಾತಿಗೆ ವಾಪಸ್ ಬರಬೇಡಿ. ಕಾರಣ ಬರೆದ ಪ್ರತಿ ಕೇಳಿ, 60 ದಿನದೊಳಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಮನವಿ ಸಲ್ಲಿಸಿ. ಈ ಪ್ರಕ್ರಿಯೆ ಮುಗಿಯುವವರೆಗೆ ಅರಣ್ಯ ಹಕ್ಕು ಕಾಯ್ದೆಯ ಕಲಂ 4(5)ರಂತೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ.