ಸಾಲಿ ಬಂದ್ ಆದ್ರೂ ಪ್ರಾರ್ಥನಾ ಬಂದ್ ಮಾಡಬ್ಯಾಡ್ರಿ

2021ರಾಗ ಕೊರೋನಾ ಎರಡನೇ ಅಲ್ಯಾಗ ಮತ್ತ ಲಾಕ್‌ಡೌನ್ ಬಂತು ನೋಡ್ರಿ. ಏಪ್ರಿಲ್ 27ಕ್ಕ ಶುರು ಆದದ್ದು ಮೇ 10ರಿಂದ ಇನ್ನೂ ಬಿಗಿ ಆತು, ಬೆಳಿಗ್ಗೆ 6ರಿಂದ 10ರ ತನಕ ಹಾಲು ಕಾಯಿಪಲ್ಲೆ ತರೂದು, ಆಮ್ಯಾಲ ಇಡೀ ಹುಬ್ಬಳ್ಳಿ ಬಾಗಲಾ ಹಾಕ್ಕೊಂಡು ಕೂಡ್ತಿತ್ತು. ನಾ ಇಲ್ಲೇ ಒಂದು ಕ್ಯಾಥೊಲಿಕ್ ಸಾಲ್ಯಾಗ ಎಂಟನೇ ಕ್ಲಾಸಿಗೆ ಕನ್ನಡ ಕಲಸ್ತೇನಿ. ನಮ್ಮದು ಲಿಂಗಾಯತರ ಮನಿ, ಖರೇ ಹದಿನಾಲ್ಕು ವರ್ಷ ಆತು, ದಿನಾ ಬೆಳಿಗ್ಗೆ ಅಸೆಂಬ್ಲಿಯೊಳಗ ಹುಡುಗ್ರ ಕೂಡ ಯೇಸು ಕಲಿಸಿದ ಪರಲೋಕ ಮಂತ್ರ ಹೇಳ್ಕೋತ ಬಂದೇನಿ, ಈಗ ನಿದ್ದಿಗಣ್ಣಾಗ ಕೇಳಿದ್ರೂ ಹೇಳ್ತೇನಿ. 2020ರಾಗ ನಾವು ಮಾಡಿದ ತಪ್ಪು ಬ್ಯಾರೇ ಸಾಲಿ ಟೀಚರ್ಸ್ ನೀವು ಮಾಡಬಾರದು ಅಂತ ಇಷ್ಟು ಬರ್ಯಾಕತ್ತೇನಿ.

ಮೊದಲ ಹಾಜರಿ ಪುಸ್ತಕ ತಗೀರಿ. ಒಂದೊಂದು ಹೆಸರಿನ ಮುಂದ ಬರೀರಿ, ಮನ್ಯಾಗ ಫೋನ್ ಎಷ್ಟು, ಸ್ಮಾರ್ಟ್‌ಫೋನೋ ಬಟನ್ ಫೋನೋ, ಅದು ಮನ್ಯಾಗ ಇರೂದು ಯಾವಾಗ. ನನ್ನ ಕ್ಲಾಸಿನ 46 ಹುಡುಗ್ರೊಳಗ 11 ಮಂದಿ ಮನ್ಯಾಗ ಬರೇ ಬಟನ್ ಫೋನ್, ಇನ್ನೊಂದಿಷ್ಟು ಮನ್ಯಾಗ ಫೋನ್ ಅಪ್ಪನ ಕಿಸೆದಾಗ, ಅಪ್ಪ ರೈಲ್ವೆ ಡ್ಯೂಟಿಯೋ ತರಕಾರಿ ಗಾಡಿಯೋ. 2020ರಾಗ ನಾವು ಇದನ್ನ ನೋಡಲಾರದ ಜೂಮ್‌ನ್ಯಾಗ ದೊಡ್ಡ ಪ್ರಾರ್ಥನಾ ಕೂಟ ಇಟ್ವಿ, ಬಂದವರು ಒಂಬತ್ತು ಮಂದಿ, ಅದರಾಗ ನಾಲ್ಕು ಮಂದಿ ಟೀಚರ್ಸೇ.

ಅದಕ್ಕ ವಿಡಿಯೋ ಬಿಡ್ರಿ, ಕ್ಲಾಸಿನ ವಾಟ್ಸಾಪ್ ಗ್ರೂಪಿನ್ಯಾಗ ವಾಯ್ಸ್ ಮೆಸೇಜ್ ಮಾಡ್ರಿ. ಡೇಟಾ ಕಡಿಮಿ ತಿಂತದ, ನೆಟ್‌ವರ್ಕ್ ಸರಿ ಇಲ್ಲದ ಊರಾಗೂ ತಡಾ ಆದ್ರೂ ಬರ್ತದ, ಯಾವಾಗ ಬೇಕಾದ್ರೂ ಕೇಳಬಹುದು. ಬೆಳಿಗ್ಗೆ ಎಂಟೂವರಿಗೆ ಒಂದೇ ಒಂದು, ಎರಡು ಮಿನಿಟಿಗಿಂತ ಉದ್ದ ಬ್ಯಾಡ. ದಿನಾ ಒಬ್ಬ ಹುಡುಗಂದೋ ಹುಡುಗೀದೋ ಪಾಳಿ. ನಮ್ಮ ಸಿಸ್ಟರ್ ಒಬ್ರು ಸಾಲಿ ಗಂಟಿ ಬಾರಿಸಿ ರೆಕಾರ್ಡ್ ಮಾಡಿ ಕಳಿಸಿದ್ರು, ಹಿಂದ ಕಾಗಿ ಒದರೂದೂ ಕೇಳಸ್ತದ, ಈಗ ಅದರ ಮ್ಯಾಲೇ ಪ್ರಾರ್ಥನಾ ಶುರು. ಆ ಗಂಟಿ ಕೇಳಿ ನನ್ನ ಕ್ಲಾಸಿನ ಒಬ್ಬಾಂವ ಹಾಸಿಗ್ಯಾಗಿಂದ ಎದ್ದು ನಿಂತಿದ್ನಂತ, ಅವರವ್ವ ನಕ್ಕೋತ ಹೇಳಿದ್ರು.

ಒಂದು ಮಾತು. ನಮ್ಮ ಸಾಲ್ಯಾಗ ಕ್ರೈಸ್ತರ ಮಕ್ಕಳು ಕಡಿಮಿ, ಲಿಂಗಾಯತರು, ಮುಸಲ್ಮಾನರು, ಎಲ್ಲಾರೂ ಅದಾರ. 2021ರ ಮೇ 14ಕ್ಕ ಬಸವ ಜಯಂತಿ, ರಮ್ಜಾನ್ ಎರಡೂ ಒಂದ ದಿನ ಬಂದ್ವು, ಅವತ್ತು ಒಬ್ಬಾಕಿ ವಚನ ಹೇಳಿದ್ಲು, ಇನ್ನೊಬ್ಬಾಂವ ದುವಾ ಹೇಳಿದ, ಕಡೀಕ ಎಲ್ಲಾರಿಗೂ ಬರೂ ಪರಲೋಕ ಮಂತ್ರ. ಕ್ಲಾಸಿನ ಗ್ರೂಪ್ ಎಲ್ಲಾರದು, ಜಪಸರದ (ಮಣಿ ಎಣಿಸಿ ಮಾಡೂ ಕ್ರೈಸ್ತರ ಪ್ರಾರ್ಥನಾ, ರೋಸರಿ) ಗ್ರೂಪ್ ಬ್ಯಾರೇ ಮಾಡ್ರಿ. ಮತ್ತ ಫೀ ಕಟ್ಟರಿ ಅನ್ನೂ ಮೆಸೇಜ್ ಎರಡರಾಗೂ ಹಾಕಬ್ಯಾಡ್ರಿ, ದೇವರ ಹೆಸರಿನ ಬೆನ್ನಿಗೇ ಬಾಕಿ ರೊಕ್ಕದ ಲೆಕ್ಕ ಬಂದ್ರ ಮಂದಿ ಗ್ರೂಪೇ ಬಿಟ್ಟು ಹೋಗ್ತಾರ, ನಾವು ನೋಡೇವಿ.

ಜಪಸರಕ್ಕ ಸಿಸ್ಟರ್ ಮಾಡಿದ ಉಪಾಯ ಛಲೋ ಐತಿ. ಸಾದಾ ಕಾನ್ಫರೆನ್ಸ್ ಕಾಲ್, ಬಟನ್ ಫೋನ್ ಮನೀನೂ ಸೇರ್ತದ. ಐದು ಮನಿ, ಒಂದೊಂದು ಮನೀಗೆ ಒಂದೊಂದು ಗುಂಪು: ಒಂದು ಪರಲೋಕ ಮಂತ್ರ, ಹತ್ತು 'ನಮೋ ಮರಿಯ' ಪ್ರಾರ್ಥನಾ, ಒಂದು 'ಪಿತನಿಗೂ ಸುತನಿಗೂ' ಸ್ತುತಿ. ಇಪ್ಪತ್ತು ಮಿನಿಟಿನ್ಯಾಗ ಮುಗೀತದ. ಮೇ ಅಂದ್ರ ಮಾತೆ ಮರಿಯಮ್ಮನ ತಿಂಗಳು, 2021ರ ಮೇನ್ಯಾಗ ಆಗಿನ ಪೋಪ್ ಫ್ರಾನ್ಸಿಸ್ ಅವರು ಜಗತ್ತಿನ 30 ಪುಣ್ಯಕ್ಷೇತ್ರದಾಗ ದಿನಾ ಜಪಸರ ಇಡಿಸಿದ್ರು, ಅದರಾಗ ತಮಿಳುನಾಡಿನ ವೇಳಾಂಕಣ್ಣಿನೂ ಇತ್ತು, ಹುಡುಗ್ರಿಗೆ ಇದನ್ನ ಹೇಳ್ರಿ. 2020ರ ಏಪ್ರಿಲ್ 10ರ ಶುಭ ಶುಕ್ರವಾರಕ್ಕ ಯೇಸುವಿನ ಶಿಲುಬೆ ಹಾದಿಯ 14 ಸ್ಥಳ 14 ಮನೀಗೆ ಹಂಚಿದ್ವಿ, ಅವರವರ ಪಾಲಿಂದು ಚಿತ್ರ ತಗದು ಕಳಸೂದು. ಒಬ್ಬಾಂವ ಬಣ್ಣ ಇಲ್ಲ ಅಂತ ಒಲಿ ಇದ್ದಲಿಯಿಂದ ಗ್ವಾಡಿ ಮ್ಯಾಲ ತಗದ, ಎಲ್ಲಾದರಕಿಂತ ಅದ ಛಂದ ಇತ್ತು, ಮನ್ಯಾಗ ಬೈಸ್ಕೊಂಡದ್ದು ಬ್ಯಾರೇ ಮಾತು. ಇನ್ನ ಭಾನುವಾರದ ಚರ್ಚಿನ ಆನ್‌ಲೈನ್ ಬಲಿಪೂಜೆ (ಮಾಸ್), ಮಲಕೊಂಡು ನೋಡಬ್ಯಾಡ್ರಿ, ಮೇಣಬತ್ತಿ ಹಚ್ಚಿ ಕುಂದರ್ರಿ, ಅಷ್ಟ.

ಇಷ್ಟೆಲ್ಲಾಕ್ಕಿಂತ ದೊಡ್ಡದು ಫೋನ್ ಹಚ್ಚೂದು. ದಿನಾ ಐದು ಮನಿ ಅಂದ್ರ ಒಂಬತ್ತು ಹತ್ತು ದಿನದಾಗ ಇಡೀ ಕ್ಲಾಸ್ ಮುಗೀತದ, ಮತ್ತ ಮೊದಲಿನಿಂದ ಶುರು. ಸಂಜಿ ಏಳರ ಮ್ಯಾಲ ಹಚ್ಚರಿ. ರಜಾ ಇದ್ದಾಗ ಹೋಮ್‌ವರ್ಕ್ ಕೇಳಾಕ ಹಚ್ಯಾರ ಅಂತ ಯಾರೂ ಹೆದರಂಗಿಲ್ಲ. "ಊಟ ಆತೇನ್ರಿ ಅಕ್ಕಾರ, ಎಲ್ಲಾರೂ ಆರಾಮ ಅದೀರೇನು" ಅಂತ ಶುರು ಮಾಡ್ರಿ, ಮನ್ಯಾಗ ಅಜ್ಜಿ ಇದ್ರ ಅವರ ಕೂಡ ಮೊದಲ ಮಾತಾಡ್ರಿ, ಮನಿ ಖರೇ ಸುದ್ದಿ ಅಜ್ಜಿ ಬಾಯಾಗ ಬರ್ತದ. "ಹೂಂ, ಆತ್ರಿ ಟೀಚರ್" ಅಂತ ದನಿ ಸಣ್ಣ ಆದ್ರ ಊಟ ಆಗಿಲ್ಲ ಅಂತ ತಿಳ್ಕೋರಿ. ಆಗ ಗ್ರೂಪಿನ್ಯಾಗ ಹಾಕೂದಲ್ಲ, ಹೆಡ್‌ಮಿಸ್ಟ್ರೆಸ್‌ಗೋ ಫಾದರ್‌ಗೋ ಒಬ್ರಿಗೇ ಹೇಳ್ರಿ. ರೇಶನ್ ಮುಟ್ಟಸೂವಾಗ ಫೋಟೋ ತಗೀಬ್ಯಾಡ್ರಿ. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಬೈಬಲ್‌ನ್ಯಾಗ ಐತಿ, ಮತ್ತಾಯನ ಆರನೇ ಅಧ್ಯಾಯ, ಅಸೆಂಬ್ಲ್ಯಾಗ ಎಷ್ಟು ಸಲ ಓದೇವಿ.

2021ರ ಆ ಅಲ್ಯಾಗ ಸಾವು ಭಾಳ ಆದ್ವು. ಯಾರದರ ಮನ್ಯಾಗ ಹೋದ್ರ ಕೈ ಮುಗಿದ ಚಿತ್ರ ಹಾಕಿ ಕೈ ತೊಳ್ಕೋಬ್ಯಾಡ್ರಿ, 46 ಮಂದಿ ಅದನ್ನ ಹಾಕಿದ್ರ ಆ ಹುಡುಗನ ಫೋನ್ ರಾತ್ರಿ ತನಕ ಟಣ್ ಟಣ್ ಅಂತಿರ್ತದ. ಗ್ರೂಪ್ ಅಡ್ಮಿನ್ ಅಷ್ಟ ಮೆಸೇಜ್ ಹಾಕೂ ಹಂಗ ಸೆಟ್ ಮಾಡ್ರಿ, ಕ್ಲಾಸ್ ಟೀಚರ್ ಒಬ್ರೇ ಫೋನ್ ಹಚ್ಚರಿ. ಮಾತು ಬರಲಿಲ್ಲಂದ್ರ ಸುಮ್ನ ಫೋನ್ ಹಿಡಕೊಂಡು ಕುಂದರ್ರಿ. ನನ್ನ ಕ್ಲಾಸಿನ ಹುಡುಗೀದು ಅಪ್ಪ ತೀರ್ಕೊಂಡಾಗ ಆಕಿ ಕೇಳಿದ್ದು ಒಂದ, "ಟೀಚರ್, ನಾಳೆ ಪ್ರಾರ್ಥನಾ ಪಾಳಿ ನಂದ ಐತಿ, ಹೇಳಬಹುದೇನ್ರಿ?" ಹೇಳವಾ ಅಂದೆ. ಬಲಿಪೂಜ್ಯಾಗ ಹೆಸರು ಹೇಳಸೂದಿದ್ರ ಮನಿಯವರನ್ನ ಕೇಳಿ ಹೇಳಸ್ರಿ, ಅವರದು ಬ್ಯಾರೇ ಪದ್ಧತಿ ಇರ್ತದ. ಆಮ್ಯಾಲ ಹನ್ನೊಂದನೇ ದಿನ, ತಿಂಗಳ ಮ್ಯಾಲ, ಮತ್ತ ಹಚ್ಚರಿ, ಆಗ ಯಾರೂ ಹಚ್ಚೂದಿಲ್ಲ. ಮಗು ಒಬ್ಬಂಟಿ ಆಗಿದ್ರ, ಮನ್ಯಾಗ ತ್ರಾಸು ಕೊಡಾಕತ್ತಿದ್ರ ಚೈಲ್ಡ್‌ಲೈನ್ 1098, ಪುಸ್ತಕದ ಮೊದಲ ಪುಟದಾಗ ಬರದಿಟ್ಟುಕೋರಿ.

ಟೀಚರ್ಸ್ ಸಲುವಾಗಿನೂ ಶನಿವಾರ ಅರ್ಧಾ ತಾಸು ಒಂದು ಕಾಲ್ ಇಟ್ಟೇವಿ, ಅಜೆಂಡಾ ಇಲ್ಲ, ಸರ್ಕ್ಯುಲರ್ ಇಲ್ಲ. ಯಾರೋ ಹಪ್ಪಳ ಲಟ್ಟಸ್ತಿರ್ತಾರ, ಯಾರೋ ಅರ್ಧಾ ಪಗಾರದ್ದು ಹೇಳಿ ಅಳ್ತಾರ, ಕಡೀಕ ಸಿಸ್ಟರ್ ಒಂದು ಹಾಡು ಹಾಡ್ತಾರ, ದನಿ ಅಷ್ಟಕ್ಕಷ್ಟ, ಆದ್ರ ಯಾರೂ ಫೋನ್ ಇಡೂದಿಲ್ಲ.