ಸೈಕಲ್ ತುಳಿಯುವವರ ಮಾಸ್ಕು: ಒಬ್ಬ ಟೈಲರ್ ಕಂಡ ಹಾಗೆ

"ಶಿವಮೊಗ್ಗದಲ್ಲಿ ಮಾಸ್ಕ್ ಯಾಕ್ರೀ, ಇದೇನು ದಿಲ್ಲಿಯಾ?" ಅಂತ ಕೇಳುವವರು ಇದ್ದಾರೆ. ಅವರ ಮಾತು ಪೂರ್ತಿ ತಪ್ಪಲ್ಲ. ಗಾಳಿಯ ಗುಣಮಟ್ಟ ಕಾಯ್ದುಕೊಳ್ಳದ ಊರುಗಳೆಂದು ಕೇಂದ್ರ ಸರ್ಕಾರ ಗುರುತಿಸಿದ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ, ನಮ್ಮೂರು ಇಲ್ಲ. ಮಳೆಗಾಲದಲ್ಲಂತೂ ಇಲ್ಲಿ ಮೂಗು ಮುಚ್ಚಿಕೊಂಡು ಓಡಾಡುವುದು ಸುಮ್ಮನೆ ದಂಡ. ಆದರೆ ಇಡೀ ಊರಿನ ಸರಾಸರಿ ಗಾಳಿ ಬೇರೆ, ಬಿ.ಎಚ್. ರಸ್ತೆಯಲ್ಲಿ ಬಸ್ಸಿನ ಹಿಂದೆ ಏದುಸಿರು ಬಿಡುತ್ತಾ ನಿಂತವನ ಮೂಗಿಗೆ ಬರುವ ಗಾಳಿ ಬೇರೆ.

ನನ್ನದು ಗಾಂಧಿ ಬಜಾರಿನ ಹತ್ತಿರ ಒಂದು ಟೈಲರಿಂಗ್ ಅಂಗಡಿ. ಮನೆ ವಿನೋಬನಗರ. ಹೋಗುವುದು, ಬರುವುದು ಎರಡೂ ಸೈಕಲ್ಲಲ್ಲೇ. ದಿನವಿಡೀ ನೂಲಿನ ಧೂಳು ಕುಡಿಯುವ ಕಸುಬು, ಅದರ ಮೇಲೆ ದಾರಿಯದ್ದನ್ನೂ ಯಾಕೆ ಸೇರಿಸಿಕೊಳ್ಳಬೇಕು ಅಂತ ಮಾಸ್ಕ್ ಹಾಕುತ್ತೇನೆ. ಅಂಗಡಿಗೆ ಬರುವ ಕಾಲೇಜು ಹುಡುಗರು, ಬೆಳಿಗ್ಗೆ ವ್ಯಾಯಾಮಕ್ಕೆ ಅಂತ ಗಾಜನೂರು ಕಡೆಗೆ ಸೈಕಲ್ ತುಳಿಯುವ ಮೇಷ್ಟ್ರುಗಳು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: ಯಾವ ಕಂಪನಿಯದ್ದು ತಗೊಳ್ಳಲಿ? ನನ್ನ ಪ್ರಕಾರ ಕಂಪನಿಯ ಮಾತು ಆಮೇಲೆ. ಮುಖಕ್ಕೆ ಕೂರುತ್ತದೋ ಇಲ್ಲವೋ ಅದು ಮೊದಲು.

ಮೊದಲು ಏನನ್ನು ತಡೆಯಬೇಕು ಅನ್ನುವುದು ತಿಳಿದಿರಲಿ. ಕಣ್ಣಿಗೆ ಕಾಣುವ ಕೆಂಪು ಧೂಳಿನ ಬಹುಪಾಲನ್ನು ಮೂಗು, ಗಂಟಲು ಹೇಗೋ ಹಿಡಿದುಕೊಳ್ಳುತ್ತವೆ, ಕ್ಯಾಕರಿಸಿ ಉಗಿದರೆ ಹೋಯಿತು. ತೊಂದರೆ ಕೊಡುವುದು ಕಾಣದ್ದು. ಪಿಎಂ 2.5 ಅಂತ ಕರೆಯುವ ಕಣಗಳು ಎರಡೂವರೆ ಮೈಕ್ರಾನ್ ಇಲ್ಲವೇ ಅದಕ್ಕಿಂತ ಸಣ್ಣವು. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪ 50ರಿಂದ 70 ಮೈಕ್ರಾನ್ ಅಂದರೆ ಲೆಕ್ಕ ಹಾಕಿ. ಡೀಸೆಲ್ ಹೊಗೆ, ಕಸ ಸುಟ್ಟ ಹೊಗೆ, ಸೌದೆ ಒಲೆಯ ಹೊಗೆ ಎಲ್ಲದರಲ್ಲೂ ಇವು ಇರುತ್ತವೆ, ಶ್ವಾಸಕೋಶದ ತುದಿಯವರೆಗೂ ಇಳಿಯುತ್ತವೆ. ಗಾಳಿಯ ಒಂದು ಘನ ಮೀಟರಿನಲ್ಲಿ ಇವುಗಳ 24 ಗಂಟೆಯ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು ಅಂತ ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 15ಕ್ಕೆ ಇಳಿಸಿದೆ. ಸೈಕಲ್ ತುಳಿಯುವವನು ಸುಮ್ಮನೆ ಕೂತವನಿಗಿಂತ ಹಲವು ಪಟ್ಟು ಹೆಚ್ಚು ಗಾಳಿ ಎಳೆದುಕೊಳ್ಳುತ್ತಾನೆ, ಅದೂ ದಮ್ಮು ಹತ್ತಿದಾಗ ಬಾಯಿಂದ. ಹಾಗಾಗಿ ಕಾರಿನವನಿಗಿಂತ ನಮಗೇ ಇದರ ಚಿಂತೆ ಜಾಸ್ತಿ ಇರಬೇಕು.

ವರ್ಷವಿಡೀ ಹಾಕಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಮಾಸ್ಕು ಡ್ರಾಯರಿನಲ್ಲೇ ಇರುತ್ತದೆ, ಮಳೆ ಗಾಳಿಯನ್ನು ತೊಳೆಯುತ್ತದೆ. ದೀಪಾವಳಿಯ ಹೊತ್ತಿಗೆ ಹೊರಗೆ ತೆಗೆಯುತ್ತೇನೆ. ಪಟಾಕಿ ಒಂದು ಕಡೆಗಾದರೆ, ಅಷ್ಟರಲ್ಲಿ ಅಡಿಕೆ ಕೊಯ್ಲು ಶುರುವಾಗಿ ಊರಾಚೆ ರಸ್ತೆಬದಿಯಲ್ಲಿ ಸಿಪ್ಪೆಯ ರಾಶಿಗಳು ಹೊಗೆಯಾಡುತ್ತಿರುತ್ತವೆ. ಅಡಿಕೆ ಸಿಪ್ಪೆ ಧಗಧಗ ಉರಿಯುವುದಿಲ್ಲ, ದಿನಗಟ್ಟಲೆ ಕುಮುಲುತ್ತದೆ, ಆ ಹೊಗೆ ಕಣ್ಣಿಗೂ ಉರಿ, ಎದೆಗೂ ಉರಿ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಇನ್ನೊಂದು ಮೋಸ ಇದೆ. ಮಂಜು ಬಿದ್ದ ಬೆಳಗು ನೋಡಲು ಚೆಂದ, ಆದರೆ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಅದರ ಮೇಲಿನ ಪದರ ಬೆಚ್ಚಗಿದ್ದರೆ ಹೊಗೆ ಮೇಲೇಳುವುದಿಲ್ಲ. ಬಚ್ಚಲ ಒಲೆಯ ಹೊಗೆ, ದರಗು (ಒಣಗಿದ ಎಲೆ) ಸುಟ್ಟ ಹೊಗೆ, ಬಸ್ಸಿನ ಹೊಗೆ ಎಲ್ಲ ನಮ್ಮ ಮುಖದ ಮಟ್ಟದಲ್ಲೇ ನಿಂತಿರುತ್ತವೆ. ಬಿಸಿಲೇರಿದ ಮೇಲೆ ಅದು ಚದುರುತ್ತದೆ. ಚಳಿಗಾಲದಲ್ಲಿ ವ್ಯಾಯಾಮಕ್ಕೆಂದೇ ಸೈಕಲ್ ತುಳಿಯುವವರು ಆರು ಗಂಟೆಯ ಬದಲು ಎಂಟಕ್ಕೆ ಹೊರಟರೆ ಮಾಸ್ಕಿಗಿಂತ ಹೆಚ್ಚು ಲಾಭ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಅನ್ನುವ ಆ್ಯಪ್ ಇದೆ, ಪುಕ್ಕಟೆ, ಊರೂರಿನ ಗಾಳಿಯ ಗುಣಮಟ್ಟ ತೋರಿಸುತ್ತದೆ. ಅದರಲ್ಲಿ ಶಿವಮೊಗ್ಗವೂ ಸಿಗುತ್ತದೆ, ಅಳೆಯುವ ಕೇಂದ್ರ ವಿನೋಬನಗರದ್ದು. ಅದು ತೋರಿಸುವ ಗಾಳಿಯ ಗುಣಮಟ್ಟದ ಸೂಚ್ಯಂಕ 50ರ ಒಳಗಿದ್ದರೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ, ಅದರಾಚೆ ಕೆಟ್ಟದ್ದು. ನಾನು 100 ದಾಟಿದರೆ ಯೋಚನೆ ಮಾಡದೆ ಹಾಕುತ್ತೇನೆ. ಅದಕ್ಕಿಂತ ಕಡಿಮೆ ಇದ್ದರೆ ಹೋಗುವ ದಾರಿ ನೋಡಿ ಹಾಕುತ್ತೇನೆ, ಯಾಕೆಂದರೆ ವಿನೋಬನಗರದ ಯಂತ್ರಕ್ಕೆ ಅಮೀರ್ ಅಹಮದ್ ಸರ್ಕಲ್ಲಿನ ಸಂಜೆ ಏಳು ಗಂಟೆ ಕಾಣುವುದಿಲ್ಲ.

ಇನ್ನು ಕೊಳ್ಳುವ ವಿಚಾರ. ಕರ್ಚೀಫು, ವೇಲು, ಟವೆಲ್ಲು, ಕೊನೆಗೆ ಬಟ್ಟೆಯ ಮಾಸ್ಕು, ಯಾವುದೂ ಸಣ್ಣ ಕಣಕ್ಕೆ ಸಾಲದು. ಇದನ್ನು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. 2020ರಲ್ಲಿ ಈ ಊರಿನ ಎಲ್ಲ ಟೈಲರುಗಳ ಹಾಗೆ ನಾನೂ ಬಟ್ಟೆ ಮಾಸ್ಕುಗಳನ್ನು ಹೊಲಿದವನೇ. ಬಾಯಿಂದ ಸಿಡಿಯುವ ಹನಿ ತಡೆಯಲು ಅವು ಆದವು, ಹೊಗೆಗೆ ಆಗುವುದಿಲ್ಲ. ಎಷ್ಟೇ ಒತ್ತಾಗಿ ನೇಯ್ದ ಪಾಪ್ಲಿನ್ ಆದರೂ ಎಳೆಗಳ ನಡುವಿನ ಕಂಡಿ ಈ ಕಣಗಳಿಗೆ ಹೆಬ್ಬಾಗಿಲು. ಸರ್ಜಿಕಲ್ ಮಾಸ್ಕಿನ ಬಟ್ಟೆ ಪರವಾಗಿಲ್ಲ, ಆದರೆ ಕೆನ್ನೆಯ ಎರಡೂ ಬದಿ ಬಾಯ್ಬಿಟ್ಟಿರುತ್ತದೆ.

ಬೇಕಾದದ್ದು ಎನ್95 ಅಥವಾ ಎಫ್‌ಎಫ್‌ಪಿ2. ಎನ್95 ಅಮೆರಿಕದ ಮಾನದಂಡ, ಮಾಸ್ಕನ್ನು ತೀರಾ ಸುಲಭವಾಗಿ ದಾಟುವ 0.3 ಮೈಕ್ರಾನ್ ಅಳತೆಯ ಕಣಗಳಲ್ಲೂ ನೂರಕ್ಕೆ ಕನಿಷ್ಠ 95 ಪಾಲು ತಡೆಯಬೇಕು. ಎಫ್‌ಎಫ್‌ಪಿ2 ಯುರೋಪಿನದ್ದು, 94 ಪಾಲು. ನಮ್ಮ ದೇಶದಲ್ಲಿ ಐಎಸ್ 9473 ಅನ್ನುವ ಮಾನದಂಡವಿದೆ, ಐಎಸ್‌ಐ ಗುರುತಿನ ಜೊತೆ ಆ ಸಂಖ್ಯೆ ಇದೆಯಾ ನೋಡಿ. ಬೀದಿಬದಿಯ ರಾಶಿಯಲ್ಲಿ ಎನ್95 ಅಂತ ದಪ್ಪಕ್ಷರದಲ್ಲಿ ಬರೆದಿದ್ದು ಬಿಟ್ಟು ತಯಾರಕನ ಹೆಸರೂ ಇಲ್ಲ, ಮಾನದಂಡದ ಸಂಖ್ಯೆಯೂ ಇಲ್ಲ ಅಂದರೆ ಅದು ಬರೀ ಬಟ್ಟೆ. ಮೆಡಿಕಲ್ ಶಾಪಿನಲ್ಲಿ ಸಿಗದಿದ್ದರೆ ಪೇಂಟ್, ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. ಗ್ರೈಂಡಿಂಗ್, ಸ್ಪ್ರೇ ಪೇಂಟಿಂಗ್ ಮಾಡುವವರಿಗೆ ಅಂತ ಇಟ್ಟಿರುತ್ತಾರೆ.

ಎರಡು ವಿಷಯದಲ್ಲಿ ಹಟ ಹಿಡಿಯಿರಿ. ಒಂದು, ಕಿವಿಗೆ ಸಿಕ್ಕಿಸುವುದು ಬೇಡ, ತಲೆಯ ಹಿಂದೆ ಹೋಗುವ ಎರಡು ಪಟ್ಟಿಯದ್ದೇ ಆಗಲಿ. ಕಿವಿಗೆ ನೋವಾಗದಷ್ಟು ಸಡಿಲ ಇಲಾಸ್ಟಿಕ್ ಹಾಕಿದರೆ ಅಂಚು ಮುಖಕ್ಕೆ ಒತ್ತುವುದಿಲ್ಲ, ಒತ್ತುವಷ್ಟು ಬಿಗಿ ಹಾಕಿದರೆ ಕಿವಿ ಉಳಿಯುವುದಿಲ್ಲ. ಎರಡು, ಉಸಿರು ಹೊರಬಿಡುವ ವಾಲ್ವ್ ಇರಲಿ. ಒಳಗಿನ ಬಿಸಿ, ತೇವ ಅದರಿಂದ ಹೊರಹೋಗುತ್ತದೆ, ಸೈಕಲ್ ತುಳಿಯುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನೆಗಡಿ, ಕೆಮ್ಮು ಇದ್ದಾಗ ವಾಲ್ವ್ ಮಾಸ್ಕಿನಿಂದ ಪಕ್ಕದವರಿಗೆ ರಕ್ಷಣೆ ಇಲ್ಲ, ಅದು ನೆನಪಿರಲಿ. ಇನ್ನು ಕಪ್ಪು ಬಣ್ಣದ, ಇದ್ದಿಲ ಪದರದ ಮಾಸ್ಕುಗಳು. ಅವು ವಾಸನೆಯನ್ನು ಸ್ವಲ್ಪ ಕಡಿಮೆ ಮಾಡುತ್ತವೆ, ಅಷ್ಟೆ. ಕಾರ್ಬನ್ ಮಾನಾಕ್ಸೈಡನ್ನು ಯಾವ ಎನ್95 ಕೂಡ ತಡೆಯುವುದಿಲ್ಲ. ಪೆಟ್ರೋಲಿನ ವಾಸನೆ ಬಂತು ಅಂತ ಮಾಸ್ಕು ಕೆಟ್ಟಿದೆ ಅಂದುಕೊಳ್ಳಬೇಡಿ, ವಾಸನೆ ಅನಿಲದ್ದು, ಇದು ಕಣ ಹಿಡಿಯುವ ಸಾಧನ.

ಈಗ ಹಾಕಿಕೊಳ್ಳುವ ಬಗೆ. ಇದಕ್ಕೆ ಕನ್ನಡಿ ಬೇಕು, ಎರಡೂ ಕೈ ಬಿಡುವಿರಬೇಕು, ಸೈಕಲ್ ಹತ್ತುವ ಮೊದಲೇ ಆಗಬೇಕು. ಗಾಡಿ ಮೇಲೆ ಕೂತು ಒಂದು ಕೈಯಲ್ಲಿ ಎಳೆದುಕೊಳ್ಳುವ ಕೆಲಸವಲ್ಲ.

ಮಾಸ್ಕಿನ ಬಟ್ಟಲನ್ನು ಗದ್ದದ ಕೆಳಗಿನಿಂದ ಮೇಲಕ್ಕೆ ತನ್ನಿ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದ್ದು ಕಿವಿಯ ಕೆಳಗೆ ಕತ್ತಿನ ಹಿಂದಕ್ಕೆ. ಎರಡನ್ನೂ ಒಂದೇ ಜಾಗಕ್ಕೆ ತರಬೇಡಿ, ಹಿಡಿತ ಒಂದೇ ಕಡೆಗೆ ಬಂದು ಗದ್ದ ಸಡಿಲವಾಗುತ್ತದೆ. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಹೆಚ್ಚಿನವರು ಒಂದು ಕೈಯ ಎರಡು ಬೆರಳಿನಲ್ಲಿ ಚಿವುಟುತ್ತಾರೆ. ಚಿವುಟಿದರೆ ಮೂಗಿನ ದಿಣ್ಣೆಯ ಮೇಲೆ ಚೂಪಾದ ಮಡಿಕೆ ಬೀಳುತ್ತದೆ, ಅದರ ಎರಡೂ ಪಕ್ಕ ಕಿರುಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಎರಡೂ ಕೈಯ ತೋರುಬೆರಳು, ನಡುಬೆರಳು ಪಟ್ಟಿಯ ನಡುವೆ ಇಟ್ಟು, ಅಲ್ಲಿಂದ ಕೆನ್ನೆಯ ಕಡೆಗೆ ಒತ್ತುತ್ತಾ ಇಳಿಸಿ. ಕೋಟಿನ ಕಾಲರನ್ನು ಕತ್ತಿಗೆ ಕೂರಿಸುವುದೂ ಹೀಗೇ, ನಡುವಿನಿಂದ ಎರಡು ತುದಿಗೆ. ಅಂಚು ಮೂಗಿನ ಇಳಿಜಾರಿಗೆ, ಅಲ್ಲಿಂದ ಕೆನ್ನೆಯ ಮೂಳೆಗೆ ಅಂಟಿಕೊಂಡು ಹೋಗಬೇಕು.

ಆಮೇಲೆ ಪರೀಕ್ಷೆ. ವಾಲ್ವ್ ಇಲ್ಲದ್ದಾದರೆ ಎರಡೂ ಅಂಗೈಯಿಂದ ಮಾಸ್ಕು ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ, ಕೆನ್ನೆಗೆ ಗಾಳಿ ತಾಗಿದರೆ ಸೋರುತ್ತಿದೆ. ವಾಲ್ವ್ ಇದ್ದದ್ದಾದರೆ ಮುಚ್ಚಿಕೊಂಡು ಚುರುಕಾಗಿ ಒಳಗೆಳೆಯಿರಿ. ಮಾಸ್ಕು ಸ್ವಲ್ಪ ಒಳಕ್ಕೆ ಕುಗ್ಗಿ ಮುಖಕ್ಕೆ ಅಂಟಬೇಕು. ತಲೆಯನ್ನು ಎಡಬಲಕ್ಕೆ ತಿರುಗಿಸಿ, ಮೇಲೆ ಕೆಳಗೆ ಮಾಡಿ, ನಾಲ್ಕು ಮಾತಾಡಿ, ಮತ್ತೆ ಪರೀಕ್ಷಿಸಿ. ಸೈಕಲ್ಲಿನ ಮೇಲೆ ನಾವು ಹಿಂದೆ ತಿರುಗಿ ನೋಡುತ್ತಲೇ ಇರುತ್ತೇವಲ್ಲ.

ಎಷ್ಟು ಸರಿಪಡಿಸಿದರೂ ಒಂದೇ ಜಾಗದಲ್ಲಿ ಸೋರುತ್ತಿದ್ದರೆ ಆ ಆಕಾರ ನಿಮ್ಮ ಮುಖದ್ದಲ್ಲ. ಬೇರೆ ನಮೂನೆ ತಗೊಳ್ಳಿ. ಬಟ್ಟಲಿನಂಥದ್ದು, ಕೊಕ್ಕಿನಂಥದ್ದು, ಮೂರು ಮಡಿಕೆಯದ್ದು ಅಂತ ಬೇರೆ ಬೇರೆ ಇವೆ. ಕಿರಿದಾದ ದವಡೆಯವರಿಗೆ, ಅಗಲ ಕೆನ್ನೆಯವರಿಗೆ ಒಂದೇ ಮಾಸ್ಕು ಕೂರುತ್ತದೆ ಅನ್ನುವ ಮಾತನ್ನು ಯಾವ ಟೈಲರೂ ಒಪ್ಪಲಾರ. ಮಕ್ಕಳಿಗೆ ದೊಡ್ಡವರದ್ದನ್ನು ಗಂಟು ಹಾಕಿ ಚಿಕ್ಕದು ಮಾಡಿ ಕೊಡುವುದು ವ್ಯರ್ಥ, ಅಂಚು ಕೂರುವುದೇ ಇಲ್ಲ. ಗಡ್ಡದವರಿಗೂ ಅದೇ ಕಷ್ಟ. ಅಂಚು ಕೂರುವ ಜಾಗದಲ್ಲಿ ಎರಡು ದಿನದ ಕುರುಚಲು ಇದ್ದರೂ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಮೀಸೆ ಮಾಸ್ಕಿನೊಳಗೆ ಅಡಗಿದರೆ ತೊಂದರೆಯಿಲ್ಲ, ನನ್ನದು ಉಳಿದಿದೆ.

ಕನ್ನಡಕದವರಿಗೆ ಒಂದು ಅನುಕೂಲ ಇದೆ. ಗಾಜು ಮಂಜಾಯಿತು ಅಂದರೆ ಮೂಗಿನ ಹತ್ತಿರ ಸೋರುತ್ತಿದೆ ಅಂತಲೇ ಅರ್ಥ, ಬೇರೆ ಪರೀಕ್ಷೆ ಬೇಡ. ಪಟ್ಟಿ ಮತ್ತೆ ಒತ್ತಿ, ಕನ್ನಡಕವನ್ನು ಮಾಸ್ಕಿನ ಅಂಚಿನ ಮೇಲೆ ಕೂರಿಸಿ. ಹೆಲ್ಮೆಟ್ ಕೊನೆಗೆ. ಅದರ ಗದ್ದದ ಪಟ್ಟಿ ಮಾಸ್ಕಿನ ಅಂಚನ್ನು ಎತ್ತದ ಹಾಗೆ ನೋಡಿಕೊಳ್ಳಿ.

ಪಕ್ಕದ ಅಂಗಡಿಯ ಹುಡುಗ ಒಮ್ಮೆ ನನ್ನ ಹತ್ತಿರ ಹಾಕಿಸಿಕೊಂಡು, "ಅಣ್ಣ, ಉಸಿರಾಡೋಕೆ ಕಷ್ಟ ಆಗುತ್ತಲ್ಲ" ಅಂದ. "ಏನೂ ಕಷ್ಟ ಅನ್ನಿಸಲೇ ಇಲ್ಲ ಅಂದ್ರೆ ಗಾಳಿ ಪಕ್ಕದಿಂದ ಬರ್ತಾ ಇದೆ ಅಂತ ಮಾರಾಯ" ಅಂದೆ. ಸ್ವಲ್ಪ ಬಿಗಿ ಸಹಜ. ಅದಕ್ಕೆ ತಕ್ಕಂತೆ ತುಳಿತ ಬದಲಾಯಿಸಿಕೊಳ್ಳಬೇಕು. ಒಂದು ಗೇರ್ ಇಳಿಸಿ, ಮೂಗಿನಿಂದ ಉಸಿರಾಡಲು ಆಗುವಷ್ಟೇ ವೇಗದಲ್ಲಿ ಹೋಗಿ. ಮಾಸ್ಕು ಹಾಕಿಕೊಂಡು ರೇಸ್ ಬೇಡ. ತಲೆ ಸುತ್ತಿದರೆ, ಎದೆ ಹಿಡಿದರೆ ಪಕ್ಕಕ್ಕೆ ನಿಲ್ಲಿಸಿ ತೆಗೆದುಬಿಡಿ. ಆಸ್ತಮಾ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಮಾಸ್ಕು ಇದೆ ಅಂತ ಹೊಗೆಯೊಳಗೇ ನುಗ್ಗುವುದೂ ಜಾಣತನವಲ್ಲ. ನೆಹರು ರಸ್ತೆಯ ಬದಲು ದುರ್ಗಿಗುಡಿಯ ಒಳರಸ್ತೆಗಳನ್ನು ಹಿಡಿದರೆ ಎರಡು ಮೂರು ನಿಮಿಷ ಹೆಚ್ಚಾದೀತು, ಆದರೆ ದೊಡ್ಡ ರಸ್ತೆಯಿಂದ ಒಂದು ಸಾಲು ಮನೆ ಒಳಗೆ ಬಂದರೂ ಹೊಗೆ ಎಷ್ಟೋ ಕಡಿಮೆಯಾಗುತ್ತದೆ. ಸಿಗ್ನಲ್ಲಿನಲ್ಲಿ ಲಾರಿ, ಬಸ್ಸಿನ ಬಾಲಕ್ಕೆ ಅಂಟಿ ನಿಲ್ಲಬೇಡಿ, ಹತ್ತು ಹೆಜ್ಜೆ ಹಿಂದೆಯೇ ಕಾಲೂರಿ. ಹಸಿರು ಬಿದ್ದ ಮೇಲೆ ಅವು ಬುಸ್ ಅಂತ ಹೊರಡಲಿ, ಆ ಮೊದಲ ದಟ್ಟ ಹೊಗೆ ಚದುರಲಿ, ಆಮೇಲೆ ತುಳಿಯಿರಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.

ಕೊನೆಯದು ಜೋಪಾನ. ತೊಳೆಯಬಾರದು, ಸ್ಯಾನಿಟೈಸರ್ ಸಿಂಪಡಿಸಬಾರದು, ಇಸ್ತ್ರಿ ಮಾಡಲೇಬಾರದು. ಕಾರಣ ತಿಳಿಯಬೇಕಾದರೆ ಹಳೆಯದೊಂದನ್ನು ಕತ್ತರಿಸಿ ನೋಡಿ. ನನ್ನ ಕಟಿಂಗ್ ಟೇಬಲ್ ಮೇಲೆ ಒಂದನ್ನು ಬಿಚ್ಚಿದ್ದೆ: ಹೊರಗೆ, ಒಳಗೆ ಗಟ್ಟಿ ಬಟ್ಟೆ, ನಡುವೆ ಹತ್ತಿಯ ಹಾಳೆಯಷ್ಟು ಮೆತ್ತಗಿನ ಬಿಳಿ ಪದರ. ಅದರಲ್ಲಿ ನೇಯ್ಗೆಯೇ ಇಲ್ಲ. ಪಾಲಿಪ್ರೊಪಿಲೀನ್ ಕರಗಿಸಿ ಊದಿ ಮಾಡಿದ ಎಳೆಗಳು, ಅವಕ್ಕೆ ವಿದ್ಯುತ್ತಿನ ಆವೇಶ ಕೊಟ್ಟಿರುತ್ತಾರೆ. ಅದನ್ನು ಮೇಜಿನ ಮೇಲಿನ ಕಾಗದದ ಚೂರುಗಳ ಹತ್ತಿರ ಹಿಡಿದರೆ ಚೂರುಗಳು ಎದ್ದು ಬಂದು ಅಂಟಿಕೊಂಡವು. ಸಣ್ಣ ಕಣಗಳನ್ನು ಹಿಡಿಯುವುದರಲ್ಲಿ ಈ ಸೆಳೆತದ್ದೇ ದೊಡ್ಡ ಪಾಲು. ಸೋಪಿನ ನೀರು, ಸ್ಪಿರಿಟ್ ತಾಗಿದರೆ ಆ ಆವೇಶ ಹೋಗುತ್ತದೆ. ಮಾಸ್ಕು ನೋಡಲು ಹಾಗೆಯೇ ಇರುತ್ತದೆ, ಕೆಲಸ ಮಾತ್ರ ಅರ್ಧಕ್ಕೆ ಇಳಿದಿರುತ್ತದೆ.

ಮನೆಗೆ ಬಂದ ಮೇಲೆ ಪಟ್ಟಿ ಹಿಡಿದು ತೆಗೆಯಿರಿ, ಬಟ್ಟಲು ಮುಟ್ಟಬೇಡಿ. ನೆರಳಿನಲ್ಲಿ ಗಾಳಿಯಾಡುವ ಕಡೆ ಮೊಳೆಗೆ ನೇತುಹಾಕಿ, ಒಣಗಿದ ಮೇಲೆ ಪೇಪರ್ ಕವರಿನಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ನಮ್ಮೂರಿನ ತೇವಕ್ಕೆ ಬೂಷ್ಟು ಬರುತ್ತದೆ. ಎರಡು ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಾಯಿಸಿದರೆ ಬೆವರು ಚೆನ್ನಾಗಿ ಆರುತ್ತದೆ. ಉಸಿರೆಳೆಯುವುದು ಮೊದಲಿಗಿಂತ ಭಾರವಾದರೆ, ಇಲಾಸ್ಟಿಕ್ ಸೋತರೆ, ಮೂಗಿನ ಪಟ್ಟಿ ಮುರಿದರೆ, ಮಳೆಯಲ್ಲಿ ಪೂರ್ತಿ ನೆನೆದರೆ ಎಸೆಯುವ ಹೊತ್ತು ಬಂತು. ಎಸೆಯುವ ಮುಂಚೆ ಎರಡೂ ಪಟ್ಟಿ ಕತ್ತರಿಸಿ, ಇಲ್ಲದಿದ್ದರೆ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಪ್ರತ್ಯೇಕವಾಗಿ ಕೊಡಿ, ದರಗಿನ ಜೊತೆ ಹಾಕಿ ಸುಡಬೇಡಿ.