ಮಲೆನಾಡಿನ ತೋಟದ ಮನೆಯಲ್ಲಿ ಆಟಕ್ಕೂ ವೀಡಿಯೊಗೂ ಸಾಲುವ ಇಂಟರ್ನೆಟ್

ಶಿರಸಿ, ಸಿದ್ದಾಪುರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಬಹಳಷ್ಟು ಮನೆಗಳು ಗುಡ್ಡದ ಬುಡದಲ್ಲಿ, ಅಡಿಕೆ ತೋಟದ ಅಂಚಿನಲ್ಲಿವೆ. ಮೊಬೈಲ್ ಟವರ್ ಇರುವುದು ಗುಡ್ಡದ ಆಚೆ. ಹೀಗಾಗಿ ಇಲ್ಲಿನ ನಿಧಾನ ಇಂಟರ್ನೆಟ್ಟಿಗೆ ಪೇಟೆಯವರ ಪರಿಹಾರಗಳು ಹಾಗೆಯೇ ಹೊಂದುವುದಿಲ್ಲ. ವೀಡಿಯೊ ನಿಂತು ನಿಂತು ಬರುತ್ತಿದೆಯೆಂದು ದುಬಾರಿ ಪ್ಲ್ಯಾನ್ ಹಾಕಿಸುವುದಾಗಲಿ, ಅಂಗಡಿಯವರು ತೋರಿಸಿದ ಹೊಸ ರೂಟರ್ ತರುವುದಾಗಲಿ ಆಮೇಲಿನ ಮಾತು. ದೋಷವು ಹೊರಗಿನಿಂದ ಬರುವ ಸಿಗ್ನಲ್‌ನಲ್ಲಿದೆಯೋ, ಮನೆಯೊಳಗಿನ ವೈಫೈನಲ್ಲಿದೆಯೋ, ರೂಟರ್‌ನಲ್ಲಿ ಕಟ್ಟಿಕೊಳ್ಳುವ ಡೇಟಾದ ಸಾಲಿನಲ್ಲಿದೆಯೋ ಎಂಬುದನ್ನು ಮೊದಲು ಅಳೆದು ತಿಳಿಯಬೇಕು.

ವೀಡಿಯೊಗೆ ಬೇಕಾದದ್ದೇ ಬೇರೆ, ಆಟಕ್ಕೆ ಬೇಕಾದದ್ದೇ ಬೇರೆ. ನೆಟ್‌ಫ್ಲಿಕ್ಸ್ ಪೂರ್ಣ ಎಚ್‌ಡಿಗೆ ಕೇಳುವುದು 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್. ವೀಡಿಯೊ ಮುಂಚಿತವಾಗಿಯೇ ಒಂದಿಷ್ಟು ಸಂಗ್ರಹಿಸಿಟ್ಟುಕೊಳ್ಳುವುದರಿಂದ ನಡುವೆ ಒಂದೆರಡು ಸೆಕೆಂಡು ಸಂಪರ್ಕ ತಪ್ಪಿದರೂ ನೋಡುವವರಿಗೆ ಗೊತ್ತಾಗುವುದಿಲ್ಲ. ಆನ್‌ಲೈನ್ ಆಟಕ್ಕೆ 1 ಎಂಬಿಪಿಎಸ್ ಕೂಡ ಬೇಕಾಗುವುದು ಅಪರೂಪ. ಆದರೆ ಒತ್ತಿದ ಗುಂಡಿಯ ಸುದ್ದಿ ಸರ್ವರ್‌ಗೆ ಹೋಗಿ ಮರಳುವ ಸಮಯ, ಅಂದರೆ ಪಿಂಗ್, ಕಡಿಮೆಯಿರಬೇಕು ಮತ್ತು ಒಂದೇ ಮಟ್ಟದಲ್ಲಿರಬೇಕು. 40ರಿಂದ 300 ಮಿಲಿಸೆಕೆಂಡಿಗೆ ಹಾರಿ ಮತ್ತೆ ಇಳಿಯುವ ಸಂಪರ್ಕಕ್ಕಿಂತ ಸದಾ 80ರಲ್ಲಿ ನಿಲ್ಲುವ ಸಂಪರ್ಕವೇ ಆಟಕ್ಕೆ ಮೇಲು.

ಪರೀಕ್ಷೆ ಸುಲಭ. ಲ್ಯಾಪ್‌ಟಾಪಿನಲ್ಲಿ ಎರಡು ಕಮಾಂಡ್ ಕಿಟಕಿ ತೆರೆದು, ಒಂದರಲ್ಲಿ ನಿಮ್ಮ ರೂಟರ್‌ನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1), ಇನ್ನೊಂದರಲ್ಲಿ ಗೂಗಲ್‌ನ 8.8.8.8ಕ್ಕೆ ಬಿಡದೆ ಪಿಂಗ್ ಹಾಕಿ (ವಿಂಡೋಸ್‌ನಲ್ಲಿ ping -t ಎಂದು ಬರೆದು ಮುಂದೆ ವಿಳಾಸ ಕೊಡಿ) ಹತ್ತು ನಿಮಿಷ ನೋಡಿ. ರೂಟರ್‌ನಿಂದ ಬರುವ ಉತ್ತರವೇ ಏರಿಳಿದರೆ ತೊಂದರೆ ವೈಫೈನಲ್ಲಿದೆ. ರೂಟರ್ ಒಂದೆರಡು ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತಿದ್ದು 8.8.8.8 ಮಾತ್ರ ತತ್ತರಿಸಿದರೆ ತೊಂದರೆ ರೂಟರ್‌ನಿಂದ ಆಚೆಗಿನ ಹಾದಿಯದು. ಇದನ್ನೇ ಬೆಳಗಿನ ಜಾವಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಮಾಡಿ ಬರೆದಿಟ್ಟುಕೊಳ್ಳಿ. ಬೆಳಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ಕೆಟ್ಟರೆ ಟವರ್ ಮೇಲೆ ಜನರ ಒತ್ತಡ ಹೆಚ್ಚಿದೆಯೆಂದು ಅರ್ಥ. ಅದಕ್ಕೆ ಆಂಟೆನಾ ಅಷ್ಟಾಗಿ ಪ್ರಯೋಜನಕ್ಕೆ ಬಾರದು, ಬೇರೆ ಕಂಪನಿಯ ಸಿಮ್ ಹಾಕಿ ನೋಡಬೇಕು.

ಊರಿಗೆ ಫೈಬರ್ ಬಂದಿದ್ದರೆ ಎರಡನೆಯ ಯೋಚನೆ ಬೇಡ. 30 ಎಂಬಿಪಿಎಸ್‌ನ ಸಾಧಾರಣ ಪ್ಲ್ಯಾನ್ ಆದರೂ ಆಟಕ್ಕೆ ಅದು ವೇಗದ 4ಜಿಗಿಂತ ನಂಬಿಕಸ್ಥ. ಮರದಿಂದ ಮರಕ್ಕೆ ಎಳೆದ ಕೇಬಲ್ಲಿನ ಮೇಲೆ ಅಡಿಕೆ ಸೋಗೆ ಬೀಳುವುದು, ಕೇಬಲ್ ಎಲ್ಲೋ ಮಡಚಿಕೊಳ್ಳುವುದು ಇಲ್ಲಿ ಮಾಮೂಲು. ಮೋಡೆಮ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಬೆಳಕಿನ ಮಟ್ಟ ನೋಡಲು ಬರುತ್ತದೆ: -20 ಡಿಬಿಎಂ (ಸಿಗ್ನಲ್ ಬಲದ ಮಾನ, ಸೊನ್ನೆಯಿಂದ ಕೆಳಗೆ ಹೋದಷ್ಟೂ ದುರ್ಬಲ) ಆಸುಪಾಸು ಇದ್ದರೆ ಚಿಂತೆಯಿಲ್ಲ, -27ರ ಹತ್ತಿರ ಹೋದರೆ ಲೈನ್‌ಮನ್‌ಗೆ ಆ ಸಂಖ್ಯೆಯನ್ನೇ ಹೇಳಿ. ಬರೀ "ನೆಟ್ ಸ್ಲೋ" ಎಂಬ ದೂರಿಗಿಂತ ಸಂಖ್ಯೆಗೆ ಬೇಗ ಉತ್ತರ ಸಿಗುತ್ತದೆ.

ಫೈಬರ್ ಇಲ್ಲದವರಿಗೆ 4ಜಿಯೇ ಗತಿ, ಮತ್ತು ಹೆಚ್ಚು ಶ್ರಮ ಹಾಕಬೇಕಾದದ್ದೂ ಇಲ್ಲಿಯೇ. ಫೋನಿನಲ್ಲಿ ಕಾಣುವ ಕಡ್ಡಿಗಳನ್ನು ಮರೆತುಬಿಡಿ. ಸಿಗ್ನಲ್ ತೋರಿಸುವ ಒಂದು ಆ್ಯಪ್ ಹಾಕಿಕೊಂಡು ಎರಡು ಅಳತೆಗಳನ್ನು ಗಮನಿಸಿ. ಆರ್‌ಎಸ್‌ಆರ್‌ಪಿ ಎಂಬುದು ಸಿಗ್ನಲ್‌ನ ಬಲ. -90 ಡಿಬಿಎಂ ಒಳ್ಳೆಯದು, -110 ದುರ್ಬಲ. ಎಸ್‌ಐಎನ್‌ಆರ್ ಎಂಬುದು ಗದ್ದಲದ ನಡುವೆ ಸಿಗ್ನಲ್ ಎಷ್ಟು ಸ್ಪಷ್ಟವಾಗಿದೆಯೆಂಬುದರ ಅಳತೆ; 13 ದಾಟಿದರೆ ಚೆನ್ನ, ಸೊನ್ನೆಗಿಂತ ಕೆಳಗಿಳಿದರೆ ಕಡ್ಡಿ ತುಂಬಿದ್ದರೂ ನೆಟ್ ಓಡುವುದಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ. ಫೋನ್ ಹಿಡಿದು ಜಗಲಿ, ಅಟ್ಟ, ಅಂಗಳ, ನೀರಿನ ಟ್ಯಾಂಕಿನ ಕಟ್ಟೆಗಳಲ್ಲಿ ಓಡಾಡಿ, ಪ್ರತಿ ಜಾಗದಲ್ಲೂ ಒಂದೆರಡು ನಿಮಿಷ ನಿಂತು ಬರೆದುಕೊಳ್ಳಿ. ಕೆಲವೇ ಅಡಿಗಳ ಅಂತರದಲ್ಲಿ ಹತ್ತು ಡೆಸಿಬೆಲ್ ವ್ಯತ್ಯಾಸ ಕಂಡರೆ ಅಚ್ಚರಿಯಿಲ್ಲ.

ಯಾವ ತರಂಗಾಂತರದ ಮೇಲೆ ಸಿಗ್ನಲ್ ಬರುತ್ತಿದೆಯೆಂಬುದೂ ಅಷ್ಟೇ ಮುಖ್ಯ. ಬಿಎಸ್‌ಎನ್‌ಎಲ್ 4ಜಿಯ 700, ಜಿಯೊದ 850, ಏರ್‌ಟೆಲ್‌ನ 900 ಮೆಗಾಹರ್ಟ್ಸ್‌ಗಳು ಗುಡ್ಡದ ಅಂಚು ಬಳಸಿ, ಮರಗಳನ್ನು ದಾಟಿ ದೂರ ಬರುತ್ತವೆ, ಆದರೆ ಅವುಗಳ ಸಾಮರ್ಥ್ಯ ಕಡಿಮೆ. 1800 ಮತ್ತು 2300ರಲ್ಲಿ ಸಾಮರ್ಥ್ಯ ಹೆಚ್ಚು, ಆದರೆ ಅವು ತೋಟದ ಹಸಿರಿನಲ್ಲಿ, ಅದರಲ್ಲೂ ಮಳೆಗೆ ತೊಯ್ದ ಎಲೆಗಳಲ್ಲಿ, ಬೇಗ ಸೊರಗುತ್ತವೆ. ಬ್ಯಾಂಡ್ (ಅಂದರೆ ಇಂಥ ಒಂದೊಂದು ತರಂಗಾಂತರದ ಪಟ್ಟಿ) ಆರಿಸಲು ಬರುವಂಥ 4ಜಿ ರೂಟರ್ ಕೊಂಡರೆ ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಮಳೆಗಾಲಕ್ಕೂ ಬೇಸಿಗೆಗೂ ಬೇರೆ ಬೇರೆ ಬ್ಯಾಂಡ್ ಇಟ್ಟುಕೊಳ್ಳಬಹುದು.

ಮಾಡಿನ ಮೇಲೆ ಆಂಟೆನಾ ಕೂರಿಸಿ ಉದ್ದದ ಕೇಬಲ್ ಎಳೆದು ಒಳಗಿನ ರೂಟರ್‌ಗೆ ಜೋಡಿಸುವುದಕ್ಕಿಂತ, ಹೊರಾಂಗಣದಲ್ಲೇ ಇಡಬಹುದಾದ 4ಜಿ ರೂಟರನ್ನು ಕಂಬಕ್ಕೆ ಕಟ್ಟಿ, ಅದಕ್ಕೆ ವಿದ್ಯುತ್ತನ್ನೂ ಲ್ಯಾನ್ ಕೇಬಲ್ಲಿನಲ್ಲೇ ಕೊಡುವುದು ಒಳ್ಳೆಯ ಏರ್ಪಾಡು. ಏಕೆಂದರೆ ಆಂಟೆನಾದ ಕೇಬಲ್ ಉದ್ದವಾದಷ್ಟೂ ಗಳಿಸಿದ ಸಿಗ್ನಲ್ ಅದರಲ್ಲಿಯೇ ಕರಗುತ್ತದೆ, ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ನಷ್ಟವಿಲ್ಲದೆ ಕೆಲಸ ಮಾಡುತ್ತದೆ. ದಿಕ್ಕನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಕಾದು, ಎಸ್‌ಐಎನ್‌ಆರ್ ಗರಿಷ್ಠವಾದಲ್ಲಿ ಬಿಗಿಯಿರಿ. ಕೆಲವೊಮ್ಮೆ ಹತ್ತಿರದ ಟವರಿಗಿಂತ, ಗುಡ್ಡ ಅಡ್ಡವಿಲ್ಲದೆ ನೇರವಾಗಿ ಕಾಣುವ ದೂರದ ಟವರೇ ಉತ್ತಮವಾಗಿರುತ್ತದೆ. ಆನ್‌ಲೈನಿನಲ್ಲಿ ಮಾರುವ ಮೊಬೈಲ್ ಸಿಗ್ನಲ್ ಬೂಸ್ಟರ್‌ಗಳನ್ನು ಮಾತ್ರ ತರಬೇಡಿ: ಅನುಮತಿಯಿಲ್ಲದೆ ಅವನ್ನು ಬಳಸುವುದು ಭಾರತದಲ್ಲಿ ಕಾನೂನುಬಾಹಿರ, ಜೊತೆಗೆ ಸುತ್ತಲ ಮನೆಗಳ ಸಂಪರ್ಕವನ್ನೂ ಅವು ಕೆಡಿಸುತ್ತವೆ.

ಸಿಗ್ನಲ್ ಸರಿಹೋದ ಮೇಲೂ ಸಂಜೆ ಆಟ ತಡವರಿಸಿದರೆ, ಟವರ್ ಮೇಲಿನ ಒತ್ತಡವಷ್ಟೇ ಅಲ್ಲ, ಕಾರಣ ಮನೆಯೊಳಗೂ ಇರಬಹುದು. ಯಾರದೋ ಫೋನ್ ಮದುವೆಮನೆಯ ಫೋಟೊಗಳನ್ನು ಗೂಗಲ್‌ಗೆ ಏರಿಸತೊಡಗಿದರೆ ಕಿರಿದಾದ ಅಪ್‌ಲೋಡ್ ಹಾದಿ ತುಂಬಿ, ಆಟದ ಪುಟ್ಟ ಪ್ಯಾಕೆಟ್‌ಗಳು ಆ ಸಾಲಿನ ಹಿಂದೆ ಕಾಯುತ್ತವೆ. ಪಿಂಗ್ 50ರಿಂದ 600ಕ್ಕೆ ಏರುವುದು ಹೀಗೆಯೇ. ಎಸ್‌ಕ್ಯೂಎಂ, ಅಂದರೆ ಈ ಸಾಲು ಉದ್ದವಾಗದಂತೆ ನಿಭಾಯಿಸುವ ಸೌಲಭ್ಯವಿರುವ ರೂಟರ್ ಇದಕ್ಕೆ ನಿಜವಾದ ಮದ್ದು. ಓಪನ್‌ವರ್ಟ್ ಎಂಬ ಉಚಿತ ತಂತ್ರಾಂಶ ಹಾಕಬಹುದಾದ ರೂಟರ್‌ಗಳಲ್ಲಿ ಅದು ಉಚಿತವಾಗಿಯೇ ದೊರೆಯುತ್ತದೆ. ಅದರಲ್ಲಿ ಅಪ್‌ಲೋಡ್, ಡೌನ್‌ಲೋಡ್ ಎರಡರ ಮಿತಿಯನ್ನೂ ಅಳತೆಯ ವೇಗದ ಶೇ 85ರಷ್ಟಕ್ಕೆ ಇಡಿ. 4ಜಿಯಲ್ಲಾದರೆ ರಾತ್ರಿಯ ವೇಗವನ್ನೇ ಲೆಕ್ಕಕ್ಕೆ ಹಿಡಿಯಬೇಕು. ತುಸು ವೇಗ ಬಿಟ್ಟುಕೊಟ್ಟಂತೆ ಕಂಡರೂ, ಪಕ್ಕದ ಕೋಣೆಯಲ್ಲಿ ಅಮ್ಮ ಧಾರಾವಾಹಿ ನೋಡುತ್ತಿರುವಾಗಲೇ ಆಟವೂ ತಡೆಯಿಲ್ಲದೆ ನಡೆಯುವುದು ಇದರಿಂದ. ಅಂಥ ರೂಟರ್ ಇಲ್ಲದಿದ್ದರೆ ಫೋಟೊ ಬ್ಯಾಕಪ್ಪನ್ನೂ, ಹತ್ತಾರು ಜಿಬಿಯ ಆಟದ ಅಪ್‌ಡೇಟನ್ನೂ ಮಧ್ಯರಾತ್ರಿಯ ನಂತರಕ್ಕೆ ಹಾಕಿ, ಟಿವಿಯ ವೀಡಿಯೊ ಗುಣಮಟ್ಟವನ್ನು 720ಪಿಗೆ ಇಳಿಸಿ.

ವೈಫೈ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಪ್ಪನೆಯ ಮಣ್ಣಿನ ಗೋಡೆ, ಕೆಂಪು ಕಲ್ಲಿನ ಗೋಡೆಗಳನ್ನು 5 ಗಿಗಾಹರ್ಟ್ಸ್ ವೈಫೈ ಸರಿಯಾಗಿ ದಾಟಲಾರದು. ಟಿವಿಗೂ ಆಟದ ಕಂಪ್ಯೂಟರಿಗೂ ಲ್ಯಾನ್ ಕೇಬಲ್ಲನ್ನೇ ಎಳೆಯಿರಿ. ಆಟದಲ್ಲಿ ಆಯ್ಕೆಯಿದ್ದರೆ ಮುಂಬೈ ಸರ್ವರನ್ನು ಆರಿಸಿ.

ಕರೆಂಟು ಹೋದಾಗ ರೂಟರ್ ಉಳಿಯಲು 12 ವೋಲ್ಟಿನ ಚಿಕ್ಕ ಯುಪಿಎಸ್ ಸಾಕು. ಕೊಳ್ಳುವ ಮುನ್ನ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್‌ಗಳು ಹೊಂದುತ್ತವೆಯೇ ನೋಡಿ. ಸಿಡಿಲಿನ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಕಂಬಕ್ಕೆ ಅರ್ಥಿಂಗ್ ಮಾಡಿಸಿ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮೋಡ ಕವಿಯುತ್ತಿದ್ದಂತೆ, ಗುಡುಗು ಕೇಳುವ ಮೊದಲೇ, ಪ್ಲಗ್ಗಿನ ಜೊತೆಗೆ ಹೊರಗಿನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಪ್ಲಗ್ ಒಂದನ್ನೇ ತೆಗೆದರೆ ತಾಮ್ರದ ತಂತಿಯ ಮೂಲಕ ಒಳಬಂದ ಸಿಡಿಲಿಗೆ ರೂಟರ್‌ ಜೊತೆ ಟಿವಿಯೂ ಸುಟ್ಟುಹೋಗಬಹುದು. ಆ ವೇಳೆಗಾಗಲೇ ಗುಡುಗು ಶುರುವಾಗಿದ್ದರೆ ಕೇಬಲ್ ಮುಟ್ಟಲು ಹೋಗಬೇಡಿ.